ದೋಣಿಗೆ ಹಲಗೆ ಹೊದಿಸುವಾಗ

ಅಪ್ಪಾಜಿಗೆ,

ನೀವು ಆ ಪುಟ್ಟ ಮಾದರಿ ದೋಣಿಯ ಡಬ್ಬಿ ಬಿಚ್ಚಿದ ದಿನ ಅಮ್ಮ ಬೈದದ್ದು ನೆನಪಿದೆಯಾ? ಕೈ ನಡುಗುವವರಿಗೆ ಇಷ್ಟು ನಾಜೂಕಿನ ಕೆಲಸವಾ ಎಂದು. ಬೆರಳಿಗೆ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೆ ರಾಜಾಜಿನಗರದ ಅಂಗಡಿಯಿಂದ ನಾನೇ ತಂದಿದ್ದೆ. ಕತ್ತರಿಸಿಟ್ಟ ಮರದ ತುಂಡುಗಳು, ತೆಳ್ಳನೆಯ ಹಲಗೆಗಳು, ದಾರ, ಒಂದು ನಕ್ಷೆ. ಕೆಲಸಕ್ಕಿದ್ದಷ್ಟು ವರ್ಷವೂ ಸಿಟಿ ಬಸ್ಸು ಓಡಿಸಿದ ನೀವು ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ, "ಸ್ಟೇರಿಂಗ್ ಹಿಂದ್ಗಡೆ ಇದೆ, ಬ್ರೇಕಂತೂ ಇಲ್ವೇ ಇಲ್ಲ. ಇದನ್ನ ಯಾವನು ಓಡಿಸ್ತಾನೆ?" ಅಂದಿರಿ. ಬೈಯುತ್ತಿದ್ದ ಅಮ್ಮನೂ ನಕ್ಕುಬಿಟ್ಟಳು.

ದೋಣಿಯ ಅಡಿಮರಕ್ಕೆ ಪಕ್ಕೆಲುಬಿನಂಥ ಪಟ್ಟಿಗಳನ್ನೆಲ್ಲ ಅಂಟಿಸಿ ಮುಗಿಸಿದ ಸಂಜೆ, ಇನ್ನು ನನ್ನ ಕೈಲಾಗದು ಎಂದು ನೀವೇ ಅದನ್ನು ತಂದು ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಇಟ್ಟಿರಿ. "ಹಲಗೆ ಹೊದಿಸೋದು ಟೈಲರ್ ಕೆಲಸ ಕಣಮ್ಮ, ನೀನೇ ಮಾಡು." ಆಮೇಲೆ ನೀವು ಹಾಸಿಗೆ ಹಿಡಿದಿರಿ, ಆಮೇಲೆ... ನಿಮ್ಮ ವರ್ಷದ ತಿಥಿ ಕಳೆಯುವವರೆಗೂ ನಾನು ಅದನ್ನು ಮುಟ್ಟಲಿಲ್ಲ.

ಮೊದಲ ಹಲಗೆ ಕೂರಿಸಿದ ದಿನ ನೀವಿರಬೇಕಿತ್ತು. ನೀರಲ್ಲಿ ನೆನೆಸಿ, ಇಸ್ತ್ರಿಪೆಟ್ಟಿಗೆಯ ಬಿಸಿಗೆ ಬಗ್ಗಿಸಿ, ಬ್ಲೌಸಿಗೆ ತೋಳು ಕೂರಿಸುವಾಗ ಚುಚ್ಚುವ ಗುಂಡುಪಿನ್ನುಗಳಿಂದಲೇ ಹಿಡಿಸಿದೆ. ಹಲಗೆ ಹೇಳಿದ ಮಾತು ಕೇಳಿತು. ಇನ್ನು ಅಂಟು ಒಣಗುವವರೆಗೆ ಅದರ ತುದಿಯನ್ನು ಎಡಗೈಯಲ್ಲಿ ಸುಮ್ಮನೆ ಹಿಡಿದು ಕೂರುವುದಷ್ಟೇ. ಆಗ ನನ್ನ ಹೆಬ್ಬೆರಳು ತಾನಾಗಿ ಕುಣಿಯತೊಡಗಿತು. ಫ್ಯಾನಿನ ಗಾಳಿಯಿರಬೇಕೆಂದು ಫ್ಯಾನು ಆರಿಸಿದೆ. ನಿಲ್ಲಲಿಲ್ಲ.

ನಿಮಗೂ ಶುರುವಾದದ್ದು ಹಾಗೇ ಅಲ್ಲವಾ? ಬಸ್ಸು ಓಡುವಾಗ ಏನೂ ಇಲ್ಲ, ಸಿಗ್ನಲ್ಲಲ್ಲಿ ನಿಂತರೆ ಬೆರಳು ತಾಳ ಹಾಕುತ್ತದೆ ಎಂದು ನಗುತ್ತಾ ಹೇಳಿದ್ದಿರಿ. ಹೊಲಿಯುವಾಗ ನನ್ನ ಕೈಯೂ ಓಡುತ್ತಲೇ ಇರುತ್ತದೆ. ಈ ದೋಣಿ ಬಂದು ಸುಮ್ಮನೆ ಕೂರಿಸದಿದ್ದರೆ ನನಗೆ ಇನ್ನೂ ಗೊತ್ತಾಗುತ್ತಿರಲಿಲ್ಲವೇನೋ. ನಿದ್ದೆ ಸಾಲದೆ ಇರಬೇಕು, ಕಾಫಿ ಜಾಸ್ತಿಯಾಗಿರಬೇಕು ಎಂದು ಏನೇನೋ ಸಬೂಬು ಹೇಳಿಕೊಂಡೆ. ಕೊನೆಗೆ ದೋಣಿಯ ಮೇಲೆ ಲೈನಿಂಗ್ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದೆ. ಹೆದರಿಕೆಯನ್ನು ಎಲ್ಲಿಗೆ ಸರಿಸಲಿ? ಶರ್ಟಿನ ಗುಂಡಿ ಹಾಕಿಕೊಳ್ಳಲಾಗದೆ ನೀವು ಕನ್ನಡಿಯ ಮುಂದೆ ನಿಂತಿರುತ್ತಿದ್ದುದು ಕಣ್ಣಿಗೆ ಕಟ್ಟುತ್ತಿತ್ತು. ಅಳತೆ ಕೊಡಲು ಬಂದವರು ನನ್ನ ಮುಖ ನೋಡದೆ ಕೈ ನೋಡುತ್ತಿದ್ದಾರೆ ಅನಿಸುತ್ತಿತ್ತು. ಹೊಲಿಯಲಾಗದಿದ್ದರೆ ನಾನೂ ಅಮ್ಮನೂ...

ಹೋದ ತಿಂಗಳು ಹೊಸಹಳ್ಳಿ ಮೆಟ್ರೋ ಕಡೆ ನಡೆದು ಹೋಗುತ್ತಿದ್ದೆವು. ನಾನು ಮುಂದೆ, ಅಮ್ಮ ಹಿಂದೆ.

"ಶೋಭಾ, ನಡೆಯುವಾಗ ನೀನು ಎಡಗೈ ಬೀಸ್ತಾನೇ ಇಲ್ಲ ಕಣೇ."

"ಬ್ಯಾಗ್ ಹಿಡ್ಕೊಂಡಿದೀನಲ್ಲಮ್ಮ."

"ಬ್ಯಾಗು ಬಲಗೈಲಿದೆ."

ನಾನು ನಿಂತೆ. ನಡೆಯುವಾಗ ನಿಮ್ಮ ಕೈಯೂ ಹೀಗೇ ಬೀಸದೆ ಇರುತ್ತಿತ್ತಲ್ಲ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಯಾವಾಗಿನಿಂದ ನೋಡುತ್ತಿದ್ದೀಯ ಎಂದು ಕೇಳಿದೆ.

"ದೀಪಾವಳಿಯಿಂದ. ಬಾಯ್ಬಿಟ್ಟು ಹೇಳಿದ್ರೆ ನಿಜ ಆಗ್ಬಿಡುತ್ತೇನೋ ಅಂತ ಸುಮ್ನಿದ್ದೆ."

ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಅವರೆಕಾಳು ಬಿಡಿಸುತ್ತಾ, ಇಬ್ಬರೂ ಅದನ್ನೇ ಬಚ್ಚಿಟ್ಟುಕೊಂಡು ಕೂತಿದ್ದೆವು ಅಪ್ಪಾಜಿ.

ನಿನ್ನೆ ನಿಮ್ಮ ಡಾಕ್ಟರ ಹತ್ತಿರವೇ ಹೋಗಿದ್ದೆವು. ನೀವು ಅಮ್ಮನನ್ನು ಒಮ್ಮೆಯೂ ಒಳಗೆ ಕರೆಯಲಿಲ್ಲ, ಅವಳು ಯಾವಾಗಲೂ ಹೊರಗಿನ ಬೆಂಚಿನ ಮೇಲೆ. ನಾನು ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನ ಕೈಗಳನ್ನು ತೊಡೆಯ ಮೇಲೆ ಇರಿಸಿ ನೋಡಿದರು, ನಡೆಸಿ ನೋಡಿದರು. ನಿಮ್ಮದೇ ಕಾಯಿಲೆ. ಇನ್ನೂ ಶುರು, ಬೇಗ ಬಂದಿದ್ದೀರಿ, ಹೊಲಿಗೆ ಬಿಡಬೇಡಿ ಅಂದರು. ಎಷ್ಟು ವರ್ಷ ಹೊಲಿಯಬಹುದು ಎಂದು ಕೇಳಿದರೆ, ಈಗಲೇ ಹೇಳಲಾಗದು ಅಂದರು.

ಆಗ ಅಮ್ಮ ಬಾಯಿಬಿಟ್ಟಳು. ಕೇಳಿದ್ದು ನನ್ನ ವಿಷಯವಲ್ಲ, ನಿಮ್ಮದು. "ಅವ್ರಿಗೆ ಭಯ ಇತ್ತಾ ಸಾರ್? ನನ್ ಹತ್ರ ಯಾವತ್ತೂ ಹೇಳ್ಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ತುಂಬಾ ಇತ್ತಮ್ಮ. ಬಂದಾಗೆಲ್ಲ ಅದನ್ನೇ ಹೇಳೋರು. ಹೊರಗಡೆ ಕೂತಿರೋಳಿಗೆ ಮಾತ್ರ ಗೊತ್ತಾಗ್ಬಾರ್ದು ಅನ್ನೋರು."

ಆಟೋದಲ್ಲಿ ಬರುವಾಗ ಅಮ್ಮ ನಿಮ್ಮನ್ನು ಚೆನ್ನಾಗಿ ಬೈದಳು. ಇಷ್ಟು ವರ್ಷ ಬೆನ್ನು ಉಜ್ಜಿದವಳಿಗೆ ಅಷ್ಟು ಹೇಳಬಾರದಿತ್ತಾ ಎಂದು. ಬೈಯುತ್ತಲೇ ಅತ್ತಳು. ನನಗೂ ಅದೇ ಪ್ರಶ್ನೆ. ಹೇಳಿದ್ದರೆ ನಮ್ಮ ಕಣ್ಣಲ್ಲಿ ನೀವೇನು ಕಡಿಮೆಯಾಗುತ್ತಿದ್ದಿರಾ?

ಬಾಕಿ ಹಲಗೆಗಳನ್ನು ಕೂರಿಸುತ್ತೇನೆ. ಕೈ ಎಷ್ಟು ದಿನ ಮಾತು ಕೇಳುತ್ತದೋ ತಿಳಿಯದು, ಮುಗಿಸಿಯೇ ತೀರುತ್ತೇನೆಂದು ಭಾಷೆ ಕೊಡಲಾರೆ. ಇಂದು ಬೆಳಿಗ್ಗೆ ಮೊದಲ ಮಾತ್ರೆ ನುಂಗುವ ಮುಂಚೆ ಅಮ್ಮನನ್ನು ಅಡುಗೆಮನೆಯಿಂದ ಕರೆದು, "ನಂಗೆ ಭಯ ಆಗ್ತಿದೆಯಮ್ಮ" ಅಂದೆ. "ನಂಗೂನೂ" ಅಂದು ಅವಳು ನನ್ನ ಪಕ್ಕ ಕೂತಳು. ನಾಳೆಯೂ ಹೇಳುತ್ತೇನೆ ಅಪ್ಪಾಜಿ. ಭಯವಾದ ದಿನವೆಲ್ಲ ಹೇಳುತ್ತೇನೆ.

ನಿಮ್ಮ ಮಗಳು,
ಶೋಭಾ