ಮೂರು ಕಾಲಿನ ಜಿರಾಫೆ ಮತ್ತು ತಮ್ಮ ಸಂಸ್ಥೆಯ ಸಮಾಜಸೇವೆ

ಹತ್ತಾರು ದೇಶಗಳಲ್ಲಿ ಕಚೇರಿಯುಳ್ಳ ಕಾನೂನು ಸಂಸ್ಥೆಯ, ಉಚಿತ ನೆರವು ಹಾಗೂ ಸಮುದಾಯ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಸಮಸ್ತ ನಾಗರಿಕರಿಗೂ, ದೇಶವಿದೇಶಗಳ ನ್ಯಾಯಾಲಯಗಳಿಗೂ, ಮುಂದೆ ಹುಟ್ಟಿಬರಲಿರುವ ಇತಿಹಾಸಕಾರರಿಗೂ ಈ ಮೂಲಕ ಸಾರಿ ಹೇಳುವುದೇನೆಂದರೆ: ನಮ್ಮ ಬೀದಿಯ ತಿರುವಿನ ಗೋಡೆಯ ಮೇಲೆ ಒಂದು ಜಿರಾಫೆ ಅವತರಿಸಿದೆ. ಬಣ್ಣ ಹಳದಿ. ಕೊರಳು ತಮ್ಮ ವಕೀಲರ ವಾದದಷ್ಟು ಉದ್ದ. ಕಾಲು ಮೂರು. ನಾಲ್ಕನೆಯದಕ್ಕೆ ಕೈಹಾಕುವಷ್ಟರಲ್ಲಿ ತಮ್ಮ ಸಂಸ್ಥೆಯ ಬಸ್ಸು ಹಾರನ್ ಹೊಡೆದದ್ದರಿಂದ, ಪ್ರಾಣಿ ಅಂದಿನಿಂದ ಒಂದು ಕಾಲನ್ನು ಯಾರಿಗೋ ಸಾಲ ಕೊಟ್ಟಂತೆ ನಿಂತಿದೆ.

ಇಷ್ಟೇ ಆಗಿದ್ದರೆ ನಾವು ಜಿರಾಫೆಯನ್ನು ನೋಡಿ ನಕ್ಕು, ತಮ್ಮನ್ನು ಮರೆತು, ನೆಮ್ಮದಿಯಿಂದ ಇರುತ್ತಿದ್ದೆವು. ಆದರೆ ಆ ಜಿರಾಫೆಯ ಹೊಟ್ಟೆಯ ಕೆಳಗೆ ನನ್ನ ಸೋದರತ್ತೆಯ ಬದುಕಿನ ಏಕೈಕ ಸಾಕ್ಷಿ ಹೂತುಹೋಗಿದೆ. ಹೂತವರು ತಾವು. ಸಾಕ್ಷಿ ಎಲ್ಲಿದೆ ಎಂದು ನ್ಯಾಯಾಲಯದಲ್ಲಿ ಕೇಳುತ್ತಿರುವವರೂ ತಾವೇ. ಎರಡೂ ಕೈಯಲ್ಲಿ ಕೆಲಸ ಮಾಡುವವರನ್ನು ಕಂಡಿದ್ದೇನೆ. ಒಂದು ಕೈ ಅಳಿಸಿದ್ದನ್ನು ಇನ್ನೊಂದು ಕೈ ತೋರಿಸು ಎಂದು ಸವಾಲು ಹಾಕುವುದನ್ನು ಮಾತ್ರ ತಮ್ಮಲ್ಲೇ ಮೊದಲು ಕಂಡದ್ದು.

ತಮಗೆ ಕಕ್ಷಿದಾರರು ಬಹಳ, ನೆನಪಿಗೆ ಜಾಗ ಕಡಿಮೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನನ್ನ ಅತ್ತೆ ಬೀದಿಗೆಲ್ಲ ಟೈಲರಮ್ಮ. ಆ ಗೋಡೆಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ನಿಂತರೆ ತಲೆ ಬಡಿಯುವ, ಕುಳಿತರೆ ಮಾತ್ರ ಮನುಷ್ಯರಿಗೆ ಒದಗುವ ಒಂದು ಗೂಡು ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ನೂಲಿನ ಉಂಡೆಗಳ ಒಂದು ಸಾಲು, ಕೊರಳಿನಿಂದ ಎಂದೂ ಇಳಿಯದ ಅಳತೆ ಪಟ್ಟಿ. ಅಂಗಡಿ ತೆರೆದ ದಿನ ನನ್ನ ಮಾವ ಹೊರಗೋಡೆಯ ಮೇಲೆ ತಾನೇ ಕುಂಚ ಹಿಡಿದು ‘ಉಡುಪು ಹೊಲಿಗೆ ಮತ್ತು ರಿಪೇರಿ’ ಎಂದು ಬರೆದ. ಆರಂಭದಲ್ಲಿ ಉದಾರವಾಗಿ ಬರೆದು ಜಾಗ ಸಾಲದೆ ‘ರಿಪೇರಿ’ಯನ್ನು ಮೂಲೆಗೆ ಒತ್ತರಿಸಿದ. ಕೆಳಗೆ ಆ ವರ್ಷವನ್ನೂ ಬರೆದ. ಆಮೇಲೆ ಮಾವ ಹೋದ, ಅಕ್ಷರ ಉಳಿಯಿತು. ಹಳೆಯ ಮಾಲೀಕರು ಬಾಯಿಮಾತಿನ ಮನುಷ್ಯರು. ಕರಾರು, ರಸೀದಿ ಎಂದರೆ ‘ನನ್ನ ಮೇಲೆ ನಂಬಿಕೆ ಇಲ್ವೇನಮ್ಮ?’ ಎಂದು ಮುನಿಸಿಕೊಳ್ಳುತ್ತಿದ್ದರು. ಅವರೂ ಹೋದರು. ಕಟ್ಟಡ ಒಂದು ಕಂಪನಿಯ ಪಾಲಾಯಿತು. ಕಂಪನಿಗೆ ಅಲ್ಲಿ ಗಾಜಿನ ಗೋಪುರ ಬೇಕಂತೆ. ‘ನಾವು ಕೊಂಡ ಮೇಲೆ ಬಂದು ಸೇರಿಕೊಂಡ ತಾತ್ಕಾಲಿಕ ವ್ಯಕ್ತಿ’ ಎಂದು ಅತ್ತೆಗೆ ನೋಟಿಸು ಬಂತು. ಕೊಳ್ಳುವ ಮೊದಲಿನಿಂದ ಅವಳು ಅಲ್ಲಿದ್ದಳೆಂದು ತೋರಿಸಿದರೆ ಅಂಗಡಿ ಉಳಿಯುತ್ತದೆ. ತೋರಿಸಲು ಅವಳ ಬಳಿ ಇದ್ದದ್ದು ಮಾವನ ಆ ವಕ್ರ ಅಕ್ಷರ, ಅದರ ಕೆಳಗಿನ ವರ್ಷ. ಅಷ್ಟೇ. ‘ತಾತ್ಕಾಲಿಕ’ ಎಂಬ ಪದವನ್ನು ನಾನು ಬಿಡಿಸಿ ಹೇಳಿದಾಗ ಅತ್ತೆ, “ಹಾಗಂದ್ರೆ ಎಲ್ರೂ ತಾನೇ?” ಎಂದಳು.

ನಾವು ನೆರವು ಕೇಳಿಕೊಂಡು ಬಂದದ್ದು ತಮ್ಮಲ್ಲಿಗೇ. ತಮ್ಮ ಬಾಗಿಲಲ್ಲಿ ‘ನ್ಯಾಯ ಎಲ್ಲರ ಹಕ್ಕು’ ಎಂದು ಬರೆದಿತ್ತು, ಮತ್ತು ಆ ಬಾಗಿಲು ತಾನಾಗಿ ತೆರೆದುಕೊಂಡಿತು. ಬಡವರಿಗೆ ಅದೂ ಒಂದು ಭರವಸೆಯೇ. ಕೆಳಗಿನ ಮಹಡಿಯಲ್ಲಿ ತಮ್ಮ ವಿಭಾಗ. ಕೂತರೆ ಏಳಲು ಇನ್ನೊಬ್ಬರ ಕೈ ಬೇಕಾಗುವಂಥ ಮೆತ್ತನೆಯ ಕುರ್ಚಿ, ಧೂಳೇ ಕೂರದ ಗಿಡ. ಒಬ್ಬ ಯುವ ವಕೀಲೆ ಅತ್ತೆಯ ಕಥೆ ಕೇಳಿ ನಿಜವಾಗಿಯೂ ಕಣ್ಣೊರೆಸಿಕೊಂಡರು. ಆ ಕಣ್ಣೀರನ್ನು ನಾನು ಸಂದೇಹಿಸುವುದಿಲ್ಲ. ತಮ್ಮ ಸಂಸ್ಥೆಯಲ್ಲಿ ನಾನು ಕಂಡ ಅಸಲಿ ದ್ರವ ಅದೊಂದೇ. ಬಳಿಕ ಅವರು ಕಂಪನಿಯ ಹೆಸರನ್ನು ಕಂಪ್ಯೂಟರಿಗೆ ಉಣಿಸಿದರು. ಕಂಪ್ಯೂಟರು ಕೆಂಪಗಾಯಿತು. ಅವರ ಮುಖವೂ.

“ಕ್ಷಮಿಸಿ ಅಮ್ಮಾ, ನಾವು ನಿಮ್ಮ ಕೇಸು ತಗೊಳೋ ಹಾಗಿಲ್ಲ. ಆ ಕಂಪನಿ ನಮ್ಮ ಮೇಲಿನ ಮಹಡಿಯವರ ಕಕ್ಷಿದಾರರು.”

ಅತ್ತೆಯ ಮುಖ ಅರಳಿತು. “ಅಯ್ಯೋ, ಒಳ್ಳೇದೇ ಆಯ್ತಲ್ಲಮ್ಮ! ಎಲ್ಲ ಒಂದೇ ಮನೆಯವರು. ಮೇಲಕ್ಕೆ ಹೋಗಿ ಒಂದು ಮಾತು ಹೇಳ್ಬಿಡು, ಪಾಪ ಬಡವಳು ಅಂತ.”

“ಹಾಗೆ ಮಾತಾಡ್ಬಾರದು ಅಮ್ಮಾ. ಅವರಿಗೂ ನಮಗೂ ಮಧ್ಯೆ ಗೋಡೆ ಇದ್ದ ಹಾಗೆ.”

“ಎಲ್ಲಿದೆ ಗೋಡೆ? ಮೆಟ್ಲು ಕಾಣ್ತಿದೆಯಲ್ಲ.”

“ಕಣ್ಣಿಗೆ ಕಾಣೋ ಗೋಡೆ ಅಲ್ಲ ಅಮ್ಮಾ. ನಿಯಮದ ಗೋಡೆ.”

ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಒಬ್ಬರ ಪರ ನಿಂತು ಇನ್ನೊಬ್ಬರ ಕಿವಿಯಲ್ಲಿ ಪಿಸುಗುಟ್ಟುವ ವಕೀಲರು ಯಾರಿಗೆ ಬೇಕು? ತಾವು ಕೈ ತೊಳೆದುಕೊಂಡು ಅಲ್ಲಿಗೇ ನಿಲ್ಲಿಸಿದ್ದರೆ ಈ ಪತ್ರವನ್ನು ನಾನು ಬರೆಯುತ್ತಲೂ ಇರಲಿಲ್ಲ. ಆದರೆ ತಾವು ಬರಿಗೈಯಲ್ಲಿ ಕಳಿಸುವ ಪೈಕಿಯೇ? ಕಾನೂನಿನ ನೆರವು ಕೊಡಲಾಗದವರ ವಿಳಾಸವನ್ನು ತಮ್ಮಲ್ಲಿ ‘ಬೇರೆ ಬಗೆಯ ಸೇವೆ’ಗೆ ದಾಟಿಸುವ ಪದ್ಧತಿ ಇದೆಯಂತೆ. ಆ ಕರುಣಾಳು ವಕೀಲೆ ದಾಟಿಸಿದರು. ಹೀಗೆ ಅತ್ತೆಯ ಗೋಡೆ ತಮ್ಮ ವಾರ್ಷಿಕ ಸೇವಾ ದಿನದ ಕೃಪೆಗೆ ಪಾತ್ರವಾಯಿತು. ಒಂದು ಸಲಹೆ ಕೊಡಬೇಕೆಂದರೂ ಕಂಪ್ಯೂಟರಿನ ಅಪ್ಪಣೆ ಕೇಳುವ ಸಂಸ್ಥೆಗೆ, ಒಂದು ಡಬ್ಬ ಬಣ್ಣ ಸುರಿಯಲು ಯಾರ ಅಪ್ಪಣೆಯೂ ಬೇಡವೇ? ಎದುರಾಳಿಯ ಪರ ಬಾಯಿ ತೆರೆಯುವುದು ಪಾಪ, ಎದುರಾಳಿಯ ಗೋಡೆ ಬಳಿಯುವುದು ಪುಣ್ಯ ಎಂದು ಯಾವ ಕಾನೂನು ಪುಸ್ತಕದಲ್ಲಿದೆ?

ಸೇವಾ ದಿನ ಬಸ್ಸು ತುಂಬ ವಕೀಲರು ಬಂದಿಳಿದರು. ಎಲ್ಲರ ಎದೆಯ ಮೇಲೂ ‘ಹೃದಯದಿಂದ’ ಎಂದು ಬರೆದ ಟೀ ಶರ್ಟು. ಯಾರು ತರಿಸಿದರೋ, ಎಲ್ಲವೂ ಒಂದೇ ಅಳತೆಯವು. ತೆಳ್ಳಗಿನವರು ಅದರೊಳಗೆ ಗೋಣಿಚೀಲದಲ್ಲಿಟ್ಟ ಕೊಡೆಯಂತೆ ಕಾಣುತ್ತಿದ್ದರು. ಪಟ ಚೆನ್ನಾಗಿ ಬರುವುದಿಲ್ಲವೆಂದು ತಾವೇ ಗಾಬರಿಯಾದಿರಿ. ಆಗ ಯಾರೋ, “ಟೈಲರ್ ಅಂಗಡಿ ಎದುರೇ ನಿಂತಿದ್ದೀವಲ್ಲ ಸಾರ್!” ಎಂದರು. ತಾವು ಬಾಗಿಲಲ್ಲಿ ಬಗ್ಗಿ, “ಅಮ್ಮಾ, ಒಂಚೂರು ಪಕ್ಕ ಹಿಡಿದು ಕೊಡ್ತೀರಾ? ನಿಮಗೋಸ್ಕರನೇ ಬಂದಿರೋದು” ಎಂದಿರಿ. ಅತ್ತೆ ಕೈಲಿದ್ದ ಕೆಲಸ ಬದಿಗಿಟ್ಟು, ತಲೆ ತಗ್ಗಿಸಿ ಯಂತ್ರಕ್ಕೆ ಕೂತಳು. ಒಬ್ಬೊಬ್ಬರನ್ನೂ ಕರೆದು, ಭುಜ ನೋಡಿ, ಸೂಜಿ ಚುಚ್ಚಿ, ಹೊಲಿದು ಕೊಟ್ಟಳು. ಏನನ್ನೂ ತೆಗೆದುಕೊಳ್ಳಲಿಲ್ಲ. ಆ ದಿನ ನಮ್ಮ ಬೀದಿಯಲ್ಲಿ ತನ್ನ ವೃತ್ತಿಯ ಸೇವೆಯನ್ನು ಉಚಿತವಾಗಿ ಕೊಟ್ಟವರು ಒಬ್ಬರೇ, ಮಾನ್ಯರೇ, ಮತ್ತು ಅವರು ತಮ್ಮ ಬಸ್ಸಿನಲ್ಲಿ ಬಂದವರಲ್ಲ.

ಅವಳು ಒಳಗೆ ತಮ್ಮವರ ಟೀ ಶರ್ಟುಗಳ ಬಗಲು ಹಿಡಿಯುತ್ತಿದ್ದಾಗಲೇ ಹೊರಗೆ ತಾವು ಮೊದಲ ಕುಂಚ ಎಳೆದಿರಿ. ಚಪ್ಪಾಳೆ ಬಿತ್ತಂತೆ. ಯಂತ್ರದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ನಾನು ಗುಂಡಿ ಡಬ್ಬ ಜೋಡಿಸುತ್ತ ಅವಳ ಪಕ್ಕದಲ್ಲೇ ಕೂತಿದ್ದೆ, ನನಗೂ ಕೇಳಿಸಲಿಲ್ಲ. ಕೊನೆಯ ಟೀ ಶರ್ಟು ಕೈಯಲ್ಲಿ ಹಿಡಿದು ಅತ್ತೆ ಹೊರಬಂದಾಗ ಗೋಡೆ ಪೂರ್ತಿ ಬಿಳಿ, ಬಿಳಿಯ ಮೇಲೆ ಜಿರಾಫೆಯ ಹಳದಿ ಹೊಟ್ಟೆ. ‘ರಿಪೇರಿ’ ಇದ್ದ ಮೂಲೆಯಲ್ಲಿ ಗೊರಸು.

“ಅಯ್ಯೋ... ಅಲ್ಲಿ ನಮ್ಮೋರು ಬರೆದಿದ್ರು,” ಎಂದಳು.

ತಾವು ಅವಳ ಬೆನ್ನು ತಟ್ಟಿದಿರಿ. “ಹಳೇದು ಹೋಗ್ಲಿ ಬಿಡೀಮ್ಮ, ಈಗ ನೋಡಿ ಎಷ್ಟು ಕಳೆ ಬಂತು! ಬನ್ನಿ ಬನ್ನಿ, ಪಟಕ್ಕೆ ನಿಂತ್ಕೊಳಿ. ನಗಬೇಕು, ಆಯ್ತಾ?”

ನಕ್ಕಳು. ಮನೆ ಬಾಗಿಲಿಗೆ ಬಂದವರ ಮುಂದೆ ಅಳಬಾರದೆಂದು ಅವಳಿಗೆ ಯಾರೋ ಚಿಕ್ಕಂದಿನಲ್ಲಿ ಕಲಿಸಿಬಿಟ್ಟಿದ್ದಾರೆ. ಆ ನಗು ಈಗ ತಮ್ಮ ಹೊಳೆಯುವ ಪುಸ್ತಿಕೆಯ ಮುಖಪುಟದಲ್ಲಿದೆ. ಕೆಳಗೆ ಅವಳ ಪರಿಚಯವಾಗಿ ‘ಒಬ್ಬ ಫಲಾನುಭವಿ’ ಎಂದಿದೆ. ಆ ಪುಸ್ತಿಕೆಗೆ ಏನೋ ಪ್ರಶಸ್ತಿಯೂ ಬಂತಂತೆ. ಅಭಿನಂದನೆಗಳು. ಜೇಬು ಕತ್ತರಿಸಿದವರಿಗೆ ದರ್ಜಿ ಎಂದು ಬಿರುದು ಕೊಡುವ ಕಾಲವೂ ಬರಲಿ, ಆಗ ತಮ್ಮ ಸಾಧನೆ ಇನ್ನೂ ದೊಡ್ಡದಾಗುತ್ತದೆ.

ಈಗ ನ್ಯಾಯಾಲಯಕ್ಕೆ ಬರೋಣ. ಅತ್ತೆಗೆ ಕೊನೆಗೆ ದಕ್ಕಿದ್ದು ಕೋರ್ಟಿನ ಗೇಟಿನ ಬಳಿ ಮೇಜು ಹಾಕಿಕೊಂಡಿರುವ ಒಬ್ಬ ವೃದ್ಧ ವಕೀಲರು. ಕಂಪನಿಯ ಪರ ತಮ್ಮ ಮೇಲಿನ ಮಹಡಿಯ ಯುವ ವಕೀಲರು ಎದ್ದು ನಿಂತು, ಗೋಡೆಯ ಹೊಸ ಪಟವನ್ನು ನ್ಯಾಯಾಧೀಶರಿಗೆ ಒಪ್ಪಿಸಿದರು. “ಇಲ್ಲಿ ಯಾವ ಹಳೆಯ ಅಂಗಡಿಯ ಕುರುಹೂ ಇಲ್ಲ. ಮಕ್ಕಳಿಗಾಗಿ ಇತ್ತೀಚೆಗೆ ಬರೆದ ಒಂದು ಅಲಂಕಾರಿಕ ಪ್ರಾಣಿ ಮಾತ್ರ ಇದೆ.”

ನ್ಯಾಯಾಧೀಶರು ನಮ್ಮ ಕಡೆ ತಿರುಗಿದರು. “ನಿಮ್ಮ ಬೋರ್ಡು ಎಲ್ಲಿ?”

ನಮ್ಮ ವೃದ್ಧ ವಕೀಲರು ಕೆಮ್ಮಿ, “ಜಿರಾಫೆಯ ಕೆಳಗಿದೆ, ಸ್ವಾಮಿ,” ಎಂದರು.

ಇಡೀ ಕೋಣೆ ನಕ್ಕಿತು. ನ್ಯಾಯಾಧೀಶರೂ ನಕ್ಕರು. ಅತ್ತೆ ಒಬ್ಬಳು ನಗಲಿಲ್ಲ. ಅವಳು ಎದುರು ಪಕ್ಷದ ವಕೀಲರ ಕೋಟನ್ನೇ ನೋಡುತ್ತಿದ್ದಳು. ನನ್ನ ಕಿವಿಯಲ್ಲಿ, “ಈತ ಅವತ್ತು ಬಂದಿದ್ದ ಕಣೇ. ಎಡ ಭುಜ ಒಂಚೂರು ಇಳಿದಿದೆ ನೋಡು, ಟೀ ಶರ್ಟಿಗೆ ನಾನೇ ಏರಿಸಿ ಹೊಲಿದು ಕೊಟ್ಟೆ,” ಎಂದಳು. ಅವರೂ ಅವಳನ್ನು ಗುರುತಿಸಿದರು. ಗುರುತಿಸಿ, ಮೇಲೆ ತಿರುಗುತ್ತಿದ್ದ ಫ್ಯಾನಿನಲ್ಲಿ ಏನೋ ಕಾನೂನಿನ ಅಂಶ ಹುಡುಕತೊಡಗಿದರು. ಹಾಗಾದರೆ ಸೇವಾ ದಿನ ಮೇಲಿನ ಮಹಡಿಯವರೂ ಕೆಳಗಿನವರೂ ಒಂದೇ ಏಣಿಯ ಮೇಲಿದ್ದರು. ಕಣ್ಣಿಗೆ ಕಾಣದ ತಮ್ಮ ಆ ಗೋಡೆ ಅಂದು ರಜೆ ಹಾಕಿತ್ತೇ? ಅಥವಾ ಅದು ಟೈಲರಮ್ಮನಂಥವರು ಬಂದಾಗ ಮಾತ್ರ ಏಳುವ ಗೋಡೆಯೇ?

ಮುಂದಿನ ವಿಚಾರಣೆಯೊಳಗೆ ಬೋರ್ಡು ತೋರಿಸಬೇಕೆಂದು ನ್ಯಾಯಾಧೀಶರು ಹೇಳಿದ್ದಾರೆ. ತೋರಿಸದಿದ್ದರೆ ಗೂಡು ಖಾಲಿ. ಬಣ್ಣ ಬಳಿಯುವ ಮುನ್ನ ತಾವೆಲ್ಲ ಹಳೆಯ ಗೋಡೆಯ ಮುಂದೆ ಸಾಲಾಗಿ ನಿಂತು ಒಂದು ಪಟ ತೆಗೆಸಿಕೊಂಡದ್ದು ಬೀದಿಗೆಲ್ಲ ಗೊತ್ತು. ‘ಮೊದಲು’ ಮತ್ತು ‘ನಂತರ’ ಎಂದು ತೋರಿಸುವುದು ತಮ್ಮ ಸಂಪ್ರದಾಯವಂತೆ. ಆ ‘ಮೊದಲು’ ಕೊಡಿ ಎಂದು ತಮ್ಮ ಕಚೇರಿಗೆ ಫೋನು ಮಾಡಿದೆ. ಬಹಳ ಮಧುರವಾದ ದನಿಯೊಂದು, “ಆ ಪಟ ಕೊಟ್ಟರೆ ನಮ್ಮ ಕಕ್ಷಿದಾರರ ಹಿತಕ್ಕೆ ಧಕ್ಕೆ ಆಗುತ್ತೆ ಮೇಡಂ. ಬೇಕಿದ್ರೆ ‘ನಂತರ’ದ್ದು ಕಳಿಸ್ತೀವಿ, ಚೌಕಟ್ಟು ಹಾಕಿಸಿ,” ಎಂದಿತು. ಎಷ್ಟು ಪ್ರಾಮಾಣಿಕ ಉತ್ತರ! ತಮ್ಮ ಪುಸ್ತಿಕೆಯಲ್ಲಿ ಇಂಥ ಒಂದು ನಿಜವಾದ ವಾಕ್ಯ ಇದ್ದಿದ್ದರೆ ನಾನೇ ಅದಕ್ಕೆ ಪ್ರಶಸ್ತಿ ಕೊಡುತ್ತಿದ್ದೆ.

ಆದ್ದರಿಂದ ನನ್ನ ಬೇಡಿಕೆ ಬಹಿರಂಗವಾಗಿಯೇ ಇರಲಿ. ಆ ಪಟವನ್ನು ನ್ಯಾಯಾಲಯಕ್ಕೆ ಕೊಡಿ. ಇಲ್ಲವೇ, ತಾವೇ ಅಳಿಸಿದ್ದನ್ನು ಇಲ್ಲವೆಂದು ವಾದಿಸುವ ಈ ಮೊಕದ್ದಮೆಯಿಂದ ಸಂಸ್ಥೆಯನ್ನು ಹಿಂದಕ್ಕೆ ಸರಿಸಿ. ಎರಡರಲ್ಲಿ ಒಂದನ್ನೂ ಮಾಡಲಾಗದಿದ್ದರೆ ಬಾಗಿಲ ಮೇಲಿನ ಆ ವಾಕ್ಯಕ್ಕೂ ಒಂದು ಕೋಟು ಬಣ್ಣ ಹೊಡೆಯಿರಿ. ಅದನ್ನು ಮುಚ್ಚಿದರೆ ಯಾರ ಸಾಕ್ಷಿಯೂ ನಾಶವಾಗುವುದಿಲ್ಲ.

ತಾವು ಏನನ್ನೂ ಮಾಡುವುದಿಲ್ಲವೆಂದು ನನಗೆ ಗೊತ್ತು. ಅತ್ತೆಗೆ ಮಾತ್ರ ಇನ್ನೂ ಗೊತ್ತಾಗಿಲ್ಲ; “ಅವರಿಗೇನ್ ಗೊತ್ತಿತ್ತು, ಪಾಪ” ಎಂದೇ ಹೇಳುತ್ತಾಳೆ. ಅವಳ ಸಲುವಾಗಿ ಒಂದು ಚಿಕ್ಕ ಉಪಕಾರ ಕೇಳುತ್ತೇನೆ. ನಮ್ಮ ಬೀದಿಯ ಪೇಂಟರು ಗೋಡೆಯನ್ನು ಉಜ್ಜಿ ನೋಡಲು ಒಪ್ಪಿದ್ದಾರೆ. ಮಾವ ಬರೆದದ್ದು ಎಣ್ಣೆ ಬಣ್ಣ. ತಮ್ಮದು ನೀರಿನ ಬಣ್ಣವಾದರೆ ಬಿಸಿನೀರಲ್ಲಿ ನೆನೆಸಿ ಮೆಲ್ಲಗೆ ಸುಲಿಯಬಹುದಂತೆ, ಅಕ್ಷರ ಉಳಿಯುತ್ತದಂತೆ. ತಮ್ಮದೂ ಎಣ್ಣೆ ಬಣ್ಣವಾದರೆ ಥಿನ್ನರ್ ಹಾಕಬೇಕು. ಹಾಕಿದರೆ ಜಿರಾಫೆಯ ಜೊತೆ ಮಾವನೂ ಹೋಗುತ್ತಾನೆ. ಡಬ್ಬಗಳನ್ನು ತಾವು ಬಸ್ಸಿನಲ್ಲೇ ಕೊಂಡೊಯ್ದಿರಿ. ಅವನ್ನು ಹುಡುಕುವ ಶ್ರಮವೂ ಬೇಡ. ಅಂದು ತಮ್ಮ ಟೀ ಶರ್ಟಿನ ಬಲ ತೋಳಿನ ಮೇಲೆ ಹಳದಿ ಕಲೆಯೊಂದು ಬಿದ್ದಿತ್ತು. ಆ ತೋಳನ್ನು ಚಿಕ್ಕದು ಮಾಡಿದವಳು ಅತ್ತೆಯೇ, ಅವಳಿಗೆ ಚೆನ್ನಾಗಿ ನೆನಪಿದೆ. ಮನೆಯಲ್ಲಿ ಬಟ್ಟೆ ಒಗೆಯುವವರನ್ನು ಒಂದು ಮಾತು ಕೇಳಿ, ಕಲೆ ನೀರಿಗೆ ಹೋಯಿತೋ ಇಲ್ಲವೋ ಅಷ್ಟನ್ನು ದಯವಿಟ್ಟು ತಿಳಿಸಿ.

ಇಂತಿ,
ತಮ್ಮ ಪುಸ್ತಿಕೆಯ ಮುಖಪುಟದಲ್ಲಿ ಫಲಾನುಭವಿಯ ಪಕ್ಕ ನಿಂತು, ಅರ್ಧ ಕತ್ತರಿಸಿಹೋಗಿರುವ
ಅವಳ ತಮ್ಮನ ಮಗಳು