ಕ್ಯಾಪ್ಟನ್‌ನ ಕೈಗವಸು

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 1.20

ಪತ್ರಿಕೆಯ ಆಫೀಸಿನಲ್ಲಿ ಕೂತು ಪ್ರೂಫ್ ತಿದ್ದುತ್ತಿದ್ದೇನೆ, ಅದೇ ನನ್ನ ಕೆಲಸ. ನನ್ನದೇ ಕಥೆಯದು. ಬೇರೆ ಹೆಸರಿನಲ್ಲಿ ಅಂಚೆಗೆ ಹಾಕಿದ್ದು ಸುತ್ತು ಹೊಡೆದು ನನ್ನ ಮೇಜಿಗೇ ಬಂದು ಬಿದ್ದಿದೆ. ನಾಲ್ಕು ಪುಟದಲ್ಲಿ ಒಂದೂ ತಪ್ಪಿಲ್ಲ. ಅನುಮಾನ ಬಾರದಿರಲಿ ಎಂದು ಒಂದು ಅಲ್ಪವಿರಾಮ ಕಿತ್ತೆ... ಮನಸ್ಸು ತಡೆಯಲಿಲ್ಲ, ವಾಪಸ್ ಹಾಕಿದೆ.

ಸಂಪಾದಕರು ಇಣುಕಿದರು. ಯಾರೋ ಹೊಸ ಲೇಖಕಿ, ಕಾಗುಣಿತವಾದರೂ ಬರುತ್ತದೆ, ಎಂದು ಹೋದರು. ನಾನು ತಲೆ ಎತ್ತಲಿಲ್ಲ. ಕಿವಿ ಬಿಸಿಯಾಯಿತು. 13ಕ್ಕೆ, ಶುಕ್ರವಾರ, ಪುಟಗಳು ಮುದ್ರಣಕ್ಕೆ.

ಅಂಚೆ ಹಂಚುವವಳು, ಬೀಗ ರಿಪೇರಿಯವನು. ಅಷ್ಟೇ ಕಥೆ. ವೇಷ ಕಳಚಿದರೆ ನನ್ನ ಮೊಟ್ಟಮೊದಲ ಜೋಡಿ — ಬಿಲ್ಲುಗಾತಿ ಮತ್ತು ಕಮ್ಮಾರ. ಹತ್ತು ವರ್ಷದವಳಿದ್ದಾಗ ಅಕ್ಕನ ಜೊತೆ ಆಡಿದ ಮೊದಲ ಆರ್‌ಪಿಜಿ ವಿಡಿಯೋ ಗೇಮಿನ ಪಾತ್ರಗಳು. ನಾಲ್ಕು ಜನರ ತಂಡ. ಕ್ಯಾಪ್ಟನ್ ಮುಂದೆ, ಉಳಿದವರು ಸಾಲಾಗಿ ಹಿಂದೆ. ಸಂಜೆ ಬೆಂಕಿ ಹಾಕಿ ಕೂರುತ್ತಾರೆ. ಯಾರ ಪಕ್ಕ ಯಾರು ಎನ್ನುವುದು ಆಡುವವರ ಇಷ್ಟ. ಪಕ್ಕ ಕೂತವರಲ್ಲಿ ಸಲಿಗೆ ಬೆಳೆಯುತ್ತದೆ. ನಾನು ಬಿಲ್ಲುಗಾತಿಯನ್ನು ಕಮ್ಮಾರನ ಪಕ್ಕ ಕೂರಿಸುತ್ತಿದ್ದೆ. ಅಕ್ಕ ತನ್ನ ಸರದಿ ಬಂದ ಕೂಡಲೇ ಎಬ್ಬಿಸಿ ಕ್ಯಾಪ್ಟನ್ ಪಕ್ಕ. ಆಟ ಉಳಿಸಿಡಲು ಇಬ್ಬರಿಗೂ ಸೇರಿ ಒಂದೇ ಸೇವ್. ಪಾಪ, ಬಿಲ್ಲುಗಾತಿಗೆ ಕೊನೆಗೂ ಯಾರ ಜೊತೆಗೂ ಕುದುರಲಿಲ್ಲ.

ಆಮೇಲೆ ಎಷ್ಟು ಆಟ ಆಡಿದೆ. ಹಡಗಿನದು, ಹೊಲ ಮಾಡುವುದು, ದೆವ್ವಗಳ ಶಾಲೆಯದು... ಎಲ್ಲದರಲ್ಲೂ ಮೊದಲು ಹುಡುಕುವುದು ಕಮ್ಮಾರನಂಥ ಒಬ್ಬನನ್ನು. ಕಡಿಮೆ ಮಾತು, ಕೈತುಂಬ ಕೆಲಸ.

ಅದೇ ದಿನ, ಸಂಜೆ 6.40

ಸೋಫಾದ ತುಂಬ ಅಕ್ಕ. ಎರಡು ದಿಂಬಿನ ಮೇಲೆ ಪ್ಲಾಸ್ಟರ್ ಕಾಲು. ಪಾರ್ಸೆಲ್ ವ್ಯಾನ್ ಓಡಿಸುತ್ತಾಳೆ. ಇಳಿಯುವಾಗ ಜಾರಿ ಆರು ವಾರ ಮನೆ. ಅವಳ ಗೊಣಗಾಟ ತಾಳಲಾರದೆ ಅಮ್ಮ ಅಟ್ಟದಿಂದ ಹಳೆಯ ಗೇಮ್ ಯಂತ್ರ ಇಳಿಸಿ ಕೊಟ್ಟಿದ್ದಾಳೆ. ಅದೇ ಆಟ, ಮೊದಲಿನಿಂದ. ನಾನು ಬರುವಷ್ಟರಲ್ಲಿ ಬಿಲ್ಲುಗಾತಿ ಕ್ಯಾಪ್ಟನ್ ಪಕ್ಕ ಕೂತಾಗಿತ್ತು.

"ನಿನ್ನ ಕ್ಯಾಪ್ಟನ್ ಒಂದು ಸಲನಾದ್ರೂ ತಿರುಗಿ ಅವಳನ್ನ ನೋಡಿದಾನಾ ಹೇಳು," ಅಂದೆ. ಹದಿಮೂರು ವರ್ಷದಿಂದ ಇದೇ ನನ್ನ ಬ್ರಹ್ಮಾಸ್ತ್ರ. ಇಡೀ ಆಟದಲ್ಲಿ ಆತ ಒಮ್ಮೆಯೂ ಹಿಂದೆ ನೋಡುವುದಿಲ್ಲ.

"ನಿಂಗೇನು ಗೊತ್ತಾಗುತ್ತೆ, ಪುಸ್ತಕದ ಹುಳ."

ಯಾವಾಗಲೂ ಇದೇ. ಅಂದರೆ ಉತ್ತರವಿಲ್ಲ.

ಕಥೆಯ ಸುದ್ದಿ ಹೇಳಲಿಲ್ಲ. ಪತ್ರಿಕೆ ಬಂದ ಮೇಲೆ ಕೈಗಿಟ್ಟು ಮುಖ ನೋಡಬೇಕು.

ಮಾರ್ಚ್ 5, ಗುರುವಾರ. ಬೆಳಿಗ್ಗೆ 7

ಆಟಕ್ಕೆಂದು ನಾವು ಬರೆದಿದ್ದ ನಕ್ಷೆ ಬೇಕಂತೆ ಅಕ್ಕನಿಗೆ. ಅಟ್ಟ ಹತ್ತಿದೆ. ನಕ್ಷೆ ಸಿಗಲಿಲ್ಲ. ನೋಟ್‌ಬುಕ್ ಸಿಕ್ಕಿತು. ಆಟದವರ ಮೇಲೆ ಕಥೆ ಕಟ್ಟುತ್ತಿದ್ದೆವು, ಒಂದು ಪುಟ ನಾನು, ಒಂದು ಪುಟ ಅವಳು. ನನ್ನದು ನೀಲಿ ಶಾಯಿ, ಅವಳದು ಹಸಿರು.

ಹಸಿರು ಪುಟವೊಂದರಲ್ಲಿ: ಬಿಲ್ಲುಗಾತಿ ಕಾವಲಿಗೆ ಹೊರಡುವ ಮೊದಲು ಕ್ಯಾಪ್ಟನ್ ಅವಳ ಕೈಗವಸುಗಳನ್ನು ಬೆಂಕಿಗೆ ಹಿಡಿದು ಬೆಚ್ಚಗೆ ಮಾಡಿ, ಯಾರೂ ನೋಡದಾಗ ಇದ್ದಲ್ಲೇ ಇಡುತ್ತಾನೆ.

ಆ ಪುಟವನ್ನು ಎರಡು ಸಲ ಓದಿದೆ. ನನ್ನ ಕಥೆಯ ಜೀವ ಇರುವುದೇ ಅಲ್ಲಿ. ಬೀಗದವನು ಅಂಚೆಯವಳ ಕೈಗವಸುಗಳನ್ನು ಸ್ಟೌ ಪಕ್ಕ ಬೆಚ್ಚಗಿಡುವುದು. ನಾನೇ ಕಲ್ಪಿಸಿದ್ದು ಎಂದುಕೊಂಡಿದ್ದೆ. ನಿಜವಾಗಿಯೂ. ಕ್ಯಾಪ್ಟನ್ ಕೈಯಿಂದ ಕಿತ್ತು ಕಮ್ಮಾರನಿಗೆ ಕೊಟ್ಟಿದ್ದೇನೆ. ಸಾಲದ್ದಕ್ಕೆ ಕ್ಯಾಪ್ಟನ್‌ನನ್ನು ಕಥೆಯಿಂದಲೇ ಓಡಿಸಿದ್ದೇನೆ.

ಹೇಳದೆ ಅಚ್ಚಾದರೆ ಅಕ್ಕ ಮೊದಲ ಪುಟಕ್ಕೇ ಕಂಡುಹಿಡಿಯುತ್ತಾಳೆ. ಜಗಳವಾಡುವುದಿಲ್ಲ. ಇನ್ನು ನನ್ನ ಜೊತೆ ಆಡುವುದಿಲ್ಲ, ಅಷ್ಟೆ.

ಮಾರ್ಚ್ 7, ಶನಿವಾರ. ಬೆಳಿಗ್ಗೆ 11

ಹೇಳಿದೆ. ಅಂದರೆ, ಪ್ರೂಫನ್ನೂ ನೋಟ್‌ಬುಕ್ಕನ್ನೂ ಅವಳ ಮಡಿಲಲ್ಲಿಟ್ಟು ಅಡುಗೆಮನೆಗೆ ಓಡಿದೆ. ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ. ಏನು ಕಳ್ಳತನ ಮಾಡಿ ಬಂದೆ ಎಂದು ಅಮ್ಮ ಕೇಳಿದಳು. ಹೌದು ಅಂದೆ. ತಮಾಷೆ ಎಂದುಕೊಂಡಳು.

ಹೊರಗೆ ಬಂದಾಗ ಅಕ್ಕ ಓದಿ ಮುಗಿಸಿದ್ದಳು.

"ಚೆನ್ನಾಗಿದೆ. ಅಚ್ಚು ಹಾಕಿಸ್ಕೋ. ಕೈಗವಸು ಮಾತ್ರ ವಾಪಸ್ ಕೊಡು."

"ಅದಿಲ್ದಿದ್ರೆ ಇದ್ರಲ್ಲಿ ಏನಿದೆ ಅಕ್ಕ?"

"ನಿನ್ನ ಕಮ್ಮಾರನ್ನ ಕೇಳು. ಹದಿಮೂರು ವರ್ಷದಿಂದ ಹೊಗಳ್ತಾ ಇದೀಯ. ಅವನ ಹತ್ರ ಸ್ವಂತದ್ದು ಅಂತ ಏನೂ ಇಲ್ವಾ?"

ನಗಲಿಲ್ಲ. ಟಿವಿ ಆರಿಸಿ ಗೋಡೆ ಕಡೆ ಮುಖ ಮಾಡಿದಳು.

ಮಾರ್ಚ್ 8. ಭಾನುವಾರ

ಕೈಗವಸಿನ ಬದಲಿಗೆ: ಬೀಗದವನು ಟೀ ತರಿಸಿಕೊಡುತ್ತಾನೆ. ಹೊಡೆದುಹಾಕಿದೆ.

ಬೀಗದವನು ಅವಳ ಸೈಕಲ್ ಚೈನು ಸರಿಮಾಡುತ್ತಾನೆ. ಥೂ.

ಮಾರ್ಚ್ 9. ಸಂಜೆ

ಅಕ್ಕ ಆಟ ಹಾಕಿಲ್ಲ. ಅಮ್ಮನ ಕೈಲಿ ಗೀಟಿನ ಹಾಳೆ ತರಿಸಿಕೊಂಡಿದ್ದಾಳಂತೆ. ನಾನು ಹೋದರೆ ದಿಂಬಿನ ಕೆಳಗೆ ಸೇರಿಸುತ್ತಾಳೆ. ನನ್ನ ಕಥೆಯ ಮಾತು ಎತ್ತುವುದಿಲ್ಲ. ಉಪ್ಪು ಕೊಡು ಎನ್ನುವಷ್ಟು ಮಾತಿದೆ.

ಮಾರ್ಚ್ 12, ಗುರುವಾರ. ಮಧ್ಯಾಹ್ನ 12.30

ಆಫೀಸಿನ ಗಲ್ಲಿಯ ತಿರುವಿನಲ್ಲಿ ನಿಜವಾದ ಬೀಗದಂಗಡಿ ಇದೆ. ಎರಡು ದಿನ ಯಾರಿಗೋ ಕಾಯುವವಳ ಹಾಗೆ ಎದುರು ನಿಂತು ನೋಡಿದೆ. ಗೂಡಿನಷ್ಟು ಜಾಗ, ಗೋಡೆ ತುಂಬ ಕೀಲಿ, ಒಂದೇ ಸ್ಟೂಲು. ಮುದುಕ ಅದರ ಮೇಲೆ ಕೂತು ಕೀಲಿಗೆ ಅರ ಉಜ್ಜುತ್ತಿದ್ದ. ಒಬ್ಬ ಗಿರಾಕಿ ಬಂದಾಗ ಎದ್ದು ಸ್ಟೂಲನ್ನು ಆಚೆ ಸರಿಸಿದ. ಗಿರಾಕಿ ಕೂರಲಿಲ್ಲ. ಆದರೂ ಇವನು ನಿಂತೇ ಇದ್ದ.

ಮೇಜಿಗೆ ಓಡಿಬಂದು ಬರೆದೆ: ದಿನಾ ಹನ್ನೊಂದಕ್ಕೆ, ಅಂಚೆಯವಳು ಬರುವ ಹೊತ್ತಿಗೆ, ಬೀಗದವನು ಎದ್ದು ನಿಂತು ಕೆಲಸ ಮಾಡುತ್ತಾನೆ. ಮೊದಲೆಲ್ಲ ನಿಂತೇ ಮಾಡುವ ಕೆಲಸ ಅದು ಎಂದು ಅವಳು ತಿಳಿದಿರುತ್ತಾಳೆ. ಹತ್ತು ಗಂಟೆಗೇ ಬಂದ ಒಂದು ದಿನ ಅವನು ಕೂತಿರುವುದು ಕಂಡು, ಇರುವ ಒಂದೇ ಸ್ಟೂಲನ್ನು ದಿನಾ ತನಗಾಗಿ ಬಿಟ್ಟುಕೊಡುತ್ತಿದ್ದ ಎಂದು ಅರ್ಥವಾಗುತ್ತದೆ.

ಕೈಗವಸು ಹೊಡೆದುಹಾಕಿದೆ.

ಲೇಖಕಿ ತಿದ್ದಿ ಕಳಿಸಿದ್ದಾರೆ ಎಂದು ಸಂಪಾದಕರಿಗೆ ಕೊಟ್ಟೆ. ಓದಿದರು. ಕನ್ನಡಕದ ಮೇಲಿಂದ ನೋಡಿದರು.

"ಮೊದಲಿನದಕ್ಕಿಂತ ಇದು ವಾಸಿ ಅಂತ ಹೇಳಿ ಅವರಿಗೆ. ಅವರ ಅಕ್ಷರ ನಿಮ್ಮದರ ಥರಾನೇ ಇದೆ ಅಂತಲೂ ಹೇಳಿ."

ಮಾರ್ಚ್ 13, ಶುಕ್ರವಾರ. ಸಂಜೆ 6.15

ಪುಟಗಳು ಹೋದವು.

ಮನೆಗೆ ಬಂದರೆ ನನ್ನ ದಿಂಬಿನ ಮೇಲೆ ಆರು ಹಾಳೆ. ಹಸಿರು ಶಾಯಿ. ಮೇಲೆ ಒಂದು ಚೀಟಿ: ಪ್ರೂಫ್ ನೋಡು, ಕಥೆ ಮುಟ್ಟಬೇಡ.

ಕಾಗುಣಿತಕ್ಕೆ ದೇವರೇ ಗತಿ. ಮೊದಲ ಪುಟದಲ್ಲೇ ಹನ್ನೊಂದು ತಪ್ಪು. ಬಿಲ್ಲುಗಾತಿ ಇದ್ದಾಳೆ, ಕ್ಯಾಪ್ಟನ್ ಇದ್ದಾನೆ, ಕೈಗವಸು ಮರಳಿ ಅವನ ಕೈಗೆ ಬಂದಿದೆ. ಕಮ್ಮಾರ ಅಡುಗೆಗೆ ಸೌದೆ ಒಡೆಯುತ್ತಿದ್ದಾನೆ, ನನ್ನನ್ನು ಕೆಣಕಲೆಂದೇ. ನಗುತ್ತಾ ಕೆಂಪು ಗೀಟು ಎಳೆಯುತ್ತ ಹೋದೆ. ಮೂರನೆಯ ಪುಟ. ತಪ್ಪು ತಿದ್ದಿ ಇಲ್ಲಿ ಇಳಿಸಿಕೊಳ್ಳುತ್ತೇನೆ:

"ಅವನು ತಿರುಗಿ ನೋಡಲಿಲ್ಲ. ಹಿಂದೆ ಬರುವ ಮೂವರಲ್ಲಿ ಅವಳ ಹೆಜ್ಜೆ ಯಾವುದು ಎಂದು ಅವನ ಬೆನ್ನಿಗೆ ಗೊತ್ತಿತ್ತು. ಅದು ನಿಧಾನವಾದಾಗ ಅವನೂ ನಿಧಾನವಾದ."

ಪೆನ್ನು ಕೆಳಗಿಟ್ಟೆ.

ಹೌದು, ಆಟದಲ್ಲಿ ಆತ ಅಲ್ಲಲ್ಲಿ ನಿಧಾನವಾಗುತ್ತಾನೆ. ಯಂತ್ರ ಹಳೆಯದು, ತಡವರಿಸುತ್ತಿದೆ ಎಂದುಕೊಂಡಿದ್ದೆ. ಸಾಹಿತ್ಯದಲ್ಲಿ ಡಿಗ್ರಿ ಬೇರೆ ನನಗೆ. ಬಿಲ್ಲುಗಾತಿಗೆ ಗಾಯವಾದ ಆ ಕಣಿವೆ, ಆ ಸೇತುವೆ... ಅವಳ ಹೆಜ್ಜೆ ನಿಧಾನವಾದ ಕಡೆಯಲ್ಲೆಲ್ಲ. ಅಕ್ಕ ಹದಿನಾಲ್ಕನೇ ವಯಸ್ಸಿಗೇ ಕಂಡಿದ್ದಳು. ಹೇಳಲು ಬಂದಿರಲಿಲ್ಲ, ಅಷ್ಟೇ.

ಸೋತೆ. ಚೊಕ್ಕವಾಗಿ ಸೋತೆ. ಆ ಸಾಲು ನನ್ನದಾಗಿರಬೇಕಿತ್ತು ಎನ್ನುವ ಹೊಟ್ಟೆಕಿಚ್ಚು ಇದೆ, ಖುಷಿ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು.

ಊರುಗೋಲಿನ ಸದ್ದು ಬಾಗಿಲವರೆಗೆ ಬಂದು ನಿಂತಿದೆ. ತಟ್ಟುವುದಿಲ್ಲ. ಹೇಗಿದೆ ಎಂದು ಕೇಳುವವಳೂ ಅಲ್ಲ. ನಾನೇ ಎದ್ದು ಬಾಗಿಲು ತೆಗೆದು, ಮೊದಲು ಹೇಳಬೇಕಾದ್ದು ಒಂದೇ: ನಿನ್ನ ಕ್ಯಾಪ್ಟನ್ ಗೆದ್ದ.