ಬಾಯಿ ತುಂಬ ನೀರು

ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ
ಆಸ್ಪತ್ರೆಯ ಜಗಲಿಯಿಂದ

ನಮ್ಮ ಮನೆಯ ಬಡಗಿ ಯಜಮಾನರಿಗೆ, ನಿಮ್ಮ ಹೆಂಡತಿ ಮಾಡುವ ನಮಸ್ಕಾರಗಳು.

ಸಿಹಿ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ತಡೆದರೆ ನನ್ನ ಹೊಟ್ಟೆ ಒಡೆದೀತು. ನಿಮ್ಮ ತಂಗಿ ಮಾತಾಡಿದಳು! ವರ್ಷಕ್ಕೂ ಮೇಲೆ ತುಟಿ ಬಿಚ್ಚದಿದ್ದವಳು ಬಾಯಿ ತೆರೆದದ್ದು ನನ್ನ ಮೇಲೆ ದೂರು ಹೇಳಲಿಕ್ಕೆ. ಆದರೂ ನನಗೆ ನೆಲಕ್ಕೆ ಕಾಲು ತಾಗುತ್ತಿಲ್ಲ.

ಅದು ಹೇಗಾಯಿತು ಅಂದರೆ, ಇಲ್ಲಿಯ ಡಾಕ್ಟರಮ್ಮನ ವಿಷಯ ಮೊದಲು ಹೇಳಬೇಕು. ಅವರು ಚಿಕ್ಕವರಿದ್ದಾಗ ಅವರ ತಾಯಿಗೂ ಇದೇ ಥರದ ಮನಸ್ಸಿನ ಕಾಯಿಲೆ. ಮನೆಯವರು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಈ ಹುಡುಗಿ ಶಾಲೆಯಿಂದ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತು ದಿನದ ಸಮಾಚಾರವನ್ನೆಲ್ಲ ಒಪ್ಪಿಸುತ್ತಿತ್ತು. ಒಳಗಿಂದ ಮೆಲ್ಲಗೆ ಉತ್ತರ ಬರುತ್ತಿತ್ತಂತೆ. ಬೇರೆ ಯಾರಿಗೂ ಅದು ಕೇಳಿಸಲಿಲ್ಲ, ಯಾಕೆಂದರೆ ಬೇರೆ ಯಾರೂ ಅಲ್ಲಿ ಕೂರಲಿಲ್ಲ.

ಡಾಕ್ಟರಾಗಿ ಇಲ್ಲಿಗೆ ಬಂದವರೇ ವಾರ್ಡುಗಳ ಬೀಗ ತೆಗೆಸಿದರು. ಮೇಲಿನವರು ಹೌಹಾರಿದರು: "ರೋಗಿಗಳೆಲ್ಲ ಓಡಿಹೋಗ್ತಾರಮ್ಮಾ!" ಅದಕ್ಕೆ ಇವರು, "ಓಡಿಹೋಗ್ತಿರೋರು ಮನೆಯವರು ಸಾರ್. ಗೇಟಲ್ಲಿ ಬಿಟ್ಟು ತಿರುಗಿ ನೋಡದೆ ಓಡ್ತಾರೆ. ಮೊದಲು ಅವರನ್ನ ಹಿಡ್ಕೊಳ್ಳೋಣ" ಅಂದರಂತೆ. ಆವತ್ತಿನಿಂದ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು ಅನ್ನುವ ನಿಯಮ. ನೀವು ಆಟೋದಿಂದ ಇಳಿಯದೆ ಹೋದಿರಲ್ಲ, ಹಾಗಾಗಿ ಸಿಕ್ಕಿಬಿದ್ದವಳು ನಾನು.

ಮಾತ್ರೆಯಿಂದ ನಿಮ್ಮ ತಂಗಿಯ ನಿದ್ದೆ, ಊಟ ದಾರಿಗೆ ಬಂದವು. ಮಾತು ಮಾತ್ರ ಬರಲಿಲ್ಲ. ಡಾಕ್ಟರಮ್ಮ ಬಂದು ಎದುರಿಗೆ ಕೂತು, "ನಿದ್ದೆ ಬಂತಾ?" ಅಂತ ಅವಳನ್ನು ಕೇಳುವರು. ನಾನು "ಚೆನ್ನಾಗಿ ಬಂತು" ಅನ್ನುವೆ. "ತಲೆನೋವು ಇದೆಯಾ?" "ಇಲ್ಲ ಡಾಕ್ಟ್ರೇ, ನಿನ್ನೆ ಸ್ವಲ್ಪ ಇತ್ತು." ಕಡೆಗೊಂದು ದಿನ ಅವರು ಕನ್ನಡಕ ತೆಗೆದು, "ಅಲ್ಲಮ್ಮಾ, ತಲೆ ಅವಳದ್ದು, ನೋವು ನಿನಗೆ ಹೇಗೆ ಗೊತ್ತು? ನಿನಗೂ ಒಂದು ಔಷಧಿ ಬರೀತೀನಿ" ಅಂದರು. ಔಷಧಿ ಏನು ಗೊತ್ತೇ? ಅವರು ಅವಳನ್ನು ಮಾತಾಡಿಸುವಷ್ಟು ಹೊತ್ತು ನಾನು ಬಾಯಿ ತುಂಬ ನೀರು ಹಿಡಿದಿರಬೇಕು. ನುಂಗುವಂತಿಲ್ಲ, ಉಗುಳುವಂತಿಲ್ಲ!

ನಗಬೇಡಿ. ಕೆನ್ನೆ ಉಬ್ಬಿಸಿಕೊಂಡು ಕೂತರೆ ಪಕ್ಕದ ಮಂಚದವರೆಲ್ಲ ನೋಡಲು ಬರುತ್ತಿದ್ದರು. ಮೊದಮೊದಲು ಏನೂ ಆಗಲಿಲ್ಲ. ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿ ಸುಮ್ಮನೆ ಕಾಯುವರು. ಅಷ್ಟು ಹೊತ್ತು ಯಾರಾದರೂ ಕಾಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಅವರು ನನ್ನ ಕಡೆ ಕೈ ತೋರಿಸಿ, "ನಿಮ್ಮತ್ತಿಗೆ ಅಡುಗೆ ಚೆನ್ನಾಗಿ ಮಾಡ್ತಾರಾ?" ಅಂದರು. ನಿಮ್ಮ ತಂಗಿ ನನ್ನ ಮುಖ ನೋಡಿದಳು. ಗೋಡೆ ನೋಡಿದಳು. ಆಮೇಲೆ ತಣ್ಣಗೆ, "ಉಪ್ಪು ಜಾಸ್ತಿ. ಹೇಳೋಕೆ ಬಿಡಲ್ಲ" ಅಂದಳು.

ನನ್ನ ಬಾಯಲ್ಲಿದ್ದ ನೀರೆಲ್ಲ ಡಾಕ್ಟರಮ್ಮನ ಸೀರೆಯ ಮೇಲೆ! ಅವರು ಸೆರಗು ಒದರಿಕೊಳ್ಳುತ್ತಾ ನಕ್ಕರು, ನರ್ಸ್ ನಕ್ಕಳು, ನಿಮ್ಮ ತಂಗಿಯೂ ನಕ್ಕಳು. ನಾನೊಬ್ಬಳೇ ಅತ್ತದ್ದು.

ಈಗ ಮುಖ್ಯ ವಿಷಯ. ಮುಂದಿನ ವಾರ ಮನೆಗೆ ಕಳಿಸಬಹುದು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಮಾತ್ರೆ ನಿಲ್ಲಿಸುವಂತಿಲ್ಲ. ಮನೆಯ ಸಂಗತಿ ಕೇಳಿದಾಗ, ನೀವು ಅವಳ ಕೋಣೆಗೆ ಹೊರಗಿನಿಂದ ಚಿಲಕ ಜಡಿದದ್ದನ್ನು ಹೇಳಿದೆ. "ಆ ಬಾಗಿಲ ಹಿಂದಕ್ಕಾದ್ರೆ ನಾನು ಕಳಿಸಲ್ಲ. ಅಣ್ಣ ಬರಲಿ, ನಾಲ್ಕು ದಿನ ಇಲ್ಲಿದ್ದು ತಂಗಿ ಜೊತೆ ಕೂರೋದು ಕಲೀಲಿ" ಅಂದರು. ಆದ್ದರಿಂದ ಚಿಲಕ ಕಿತ್ತುಹಾಕಿ ಹೊರಡಿ. ಬಾರದಿದ್ದರೆ ನಾವಿಬ್ಬರೂ ಇಲ್ಲೇ ಇರುತ್ತೇವೆ. ನಿಮ್ಮ ನೆನಪು ನನಗೇನೂ ಅಷ್ಟಾಗಿ ಕಾಡುತ್ತಿಲ್ಲ.

ಇತಿ, ನಿಮ್ಮ ಮನೆಯಾಕೆ

ತಾ.ಕ.: ಅಣ್ಣಾ, ಇದು ನಾನು. ಅತ್ತಿಗೆ ಕೈ ತೊಳೆಯಲು ಹೋಗಿದ್ದಾರೆ. ಕೊನೆಯ ಸಾಲು ನಂಬಬೇಡ. ಬಸ್ಸು ಬಂದಾಗಲೆಲ್ಲ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ನೀನು ಹೆದರಿ ಬಾಗಿಲು ಹಾಕುತ್ತಿದ್ದೆ ಅಂತ ನನಗೆ ಗೊತ್ತು. ಹೊರಗೆ ನೀನು ಅಳುತ್ತಿದ್ದುದು ಒಳಗೆ ಕೇಳಿಸುತ್ತಿತ್ತು. ಬಾ, ನನ್ನ ಪಕ್ಕದಲ್ಲೇ ಜಾಗ ಇದೆ.